ಹನಿ ಎಲ್ಲಿಂದ ಬಿತ್ತು?

ಮಕ್ಕಳೇ, ಹೋದ ವಾರ ಈ ಪಾನಾ ಪೆಟ್ಟಿಗೆಯಿಂದ ಸೈಕಲ್ಲಿನ ಚೈನು ಹೊರಬಂದಿತ್ತು. ಈ ವಾರ ಸ್ವಲ್ಪ ದೊಡ್ಡ ಸಾಮಾನು ಹೊರಬರುತ್ತದೆ. ಅಮದಳ್ಳಿಯ ನಮ್ಮ ಮನೆಯಂಗಳದ ಚಪ್ಪರದ ಕೆಳಗೆ ಒಂದು ಬಿಳಿ ಅಂಬಾಸಿಡರ್ ಕಾರು ನಿಂತಿದೆ. ಇದು ಅದರ ಕಥೆ. ಅಂಥ ಕಾರನ್ನು ನಿಮ್ಮಲ್ಲಿ ಅನೇಕರು ಹಳೆಯ ಸಿನಿಮಾದಲ್ಲಿ ಮಾತ್ರ ನೋಡಿರುತ್ತೀರಿ. ಪಕ್ಕದಲ್ಲಿ ಅಜ್ಜ ಇದ್ದರೆ ಕೇಳಿ, ಮದುವೆ ದಿಬ್ಬಣಕ್ಕೆ ಅದರಲ್ಲಿ ಎಷ್ಟು ಜನ ಹಿಡಿಸುತ್ತಿದ್ದರು ಅಂತ. ಒಬ್ಬೊಬ್ಬ ಅಜ್ಜ ಒಂದೊಂದು ಲೆಕ್ಕ ಹೇಳುತ್ತಾರೆ, ಯಾವ ಲೆಕ್ಕವೂ ಹತ್ತಕ್ಕಿಂತ ಕಡಿಮೆ ಇರುವುದಿಲ್ಲ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿದ್ದ ಹಿಂದುಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಅದು ತಯಾರಾಯಿತು. ನಮ್ಮದು 1984ರ ಗಾಡಿ. ನಾನು ಮಾಸ್ತರಿಕೆಯಲ್ಲಿದ್ದಾಗ ಹಳೆಯದನ್ನೇ ಕೊಂಡದ್ದು.

ಮೇ ತಿಂಗಳ ರಜೆ. ಮೊಮ್ಮಕ್ಕಳಿಬ್ಬರೂ ಬಂದಿದ್ದರು, ಏಳನೇ ಇಯತ್ತೆಯ ಪುಟ್ಟಿ ಮತ್ತು ಅವಳ ತಮ್ಮ. ಅಜ್ಜಿಯ ಎಡಗಣ್ಣಿನ ಪೊರೆ ತೆಗೆಸುವುದಿತ್ತು. ಕಾರವಾರದಲ್ಲಿ ಡಾಕ್ಟರು ಕಣ್ಣಿಗೆ ಔಷಧಿ ಹಾಕಿ ಪರೀಕ್ಷೆ ಮಾಡಿ, ಮುಂದಿನ ಗುರುವಾರ ಆಪರೇಷನ್ ಎಂದು ದಿನ ಕೊಟ್ಟರು. ಆ ಔಷಧಿ ಹಾಕಿದರೆ ಕಣ್ಣಿನ ಪಾಪೆ ಹಿಗ್ಗಿಬಿಡುತ್ತದೆ, ಕೆಲವು ತಾಸು ಬೆಳಕು ತಡೆಯುವುದಿಲ್ಲ. ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಬಿಣಗಾದ ಹತ್ತಿರದ ಏರಿನಲ್ಲಿ ಬರುತ್ತಿದ್ದಂತೆ ಪುಟ್ಟಿ ಕೇಳಿದಳು, “ಅಜ್ಜಾ, ಈ ಮುಳ್ಳು ಯಾಕೆ ಕೆಂಪಿಗೆ ಹೋಗ್ತಿದೆ?”

ನಾನು ನೋಡಿರಲಿಲ್ಲ. ನಿಜ ಹೇಳಬೇಕಲ್ಲ, ಆ ಮುಳ್ಳನ್ನು ನಾನು ನೋಡುವುದನ್ನೇ ಬಿಟ್ಟು ವರ್ಷಗಳಾಗಿದ್ದವು. ಎಂಜಿನ್ನಿನ ನೀರು ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಮುಳ್ಳು ಅದು. ಗಾಡಿಯನ್ನು ಬದಿಗೆ ತಂದು ನಿಲ್ಲಿಸುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು. ಎಂಜಿನ್ ಆರಿಸಿದೆ. ಮೊಮ್ಮಗ ನನಗಿಂತ ಮೊದಲೇ ಇಳಿದು, ನನ್ನ ಹೆಗಲ ವಸ್ತ್ರ ಕೈಗೆ ಸುತ್ತಿಕೊಂಡು, ರೇಡಿಯೇಟರಿನ ಮುಚ್ಚಳ ತಿರುಗಿಸಲು ಹೊರಟಿದ್ದ. ನಾನು ಕೂಗಿದ ಕೂಗಿಗೆ ರಸ್ತೆಯಾಚೆಯ ಅಂಗಡಿಯವರೂ ಎದ್ದು ನಿಂತರು.

ನನ್ನ ಬಲಗೈಯ ಮೇಲೆ ಅಂಗೈಯಗಲದ ಒಂದು ಕಲೆ ಇದೆ. ನನಗೆ ಇಪ್ಪತ್ತಾರು ವರ್ಷವಾಗಿದ್ದಾಗ, ಅರಬೈಲ್ ಘಟ್ಟದಲ್ಲಿ, ಸ್ನೇಹಿತನ ಜೀಪಿನ ಮುಚ್ಚಳವನ್ನು ಹೀಗೇ ಬಟ್ಟೆ ಸುತ್ತಿ ತೆಗೆದಿದ್ದೆ. ಕುಕ್ಕರ್ ನೆನಪಿಸಿಕೊಳ್ಳಿ. ಒಲೆ ಆರಿಸಿದ ಕೂಡಲೇ ಅಮ್ಮ ಮುಚ್ಚಳ ತೆಗೆಯುತ್ತಾಳೆಯೇ? ರೇಡಿಯೇಟರಿನ ಮುಚ್ಚಳದೊಳಗೂ ಒಂದು ಸ್ಪ್ರಿಂಗು ಇದೆ. ಅದು ನೀರನ್ನು ಒತ್ತಿ ಹಿಡಿಯುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ, ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ನನಗೆ ಕೈಗೆ ಹಾರಿತು, ಪುಣ್ಯ. ಆದ್ದರಿಂದ ಈ ಅಂಕಣದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ: ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾರೂ ಮುಟ್ಟಬಾರದು. ಕೈಯಿಟ್ಟರೆ ತಣ್ಣಗೆನಿಸುವವರೆಗೆ ಕಾಯಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಲೂ ಬಾರದು. ಎರಕದ ಕಬ್ಬಿಣ ಸೀಳಿಬಿಡಬಹುದು.

ಮುಕ್ಕಾಲು ತಾಸು ಕಾದೆವು. ಮೇ ತಿಂಗಳ ಮಧ್ಯಾಹ್ನ, ಅಂಗಡಿಯ ಪಡಿಮಾಡಿನ ಕೆಳಗೆ ಅಜ್ಜಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಸಲೀಸಾಗುತ್ತಿತ್ತು. ಕೊಡದಲ್ಲಿ ನೀರು ಇಸಿದುಕೊಂಡು ತುಂಬಿಸಿ, ನಿಧಾನಕ್ಕೆ ಗಾಡಿ ತಂದು ಹೆದ್ದಾರಿ ಬದಿಯ ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಬಾನೆಟ್ ಎತ್ತಿ ಎರಡು ನಿಮಿಷ ನೋಡಿ ಅಲ್ಲಿಯವರು ಹೇಳಿದರು, “ಹೆಡ್ ಗ್ಯಾಸ್ಕೆಟ್ ಹೋಗಿದೆ ಮಾಸ್ತರ್ರೇ. ಎಂಜಿನ್ ಬಿಚ್ಚಬೇಕು.” ರಾತ್ರಿ ಬೆಂಗಳೂರಿನಿಂದ ಮಗನ ಫೋನು: “ಅಪ್ಪಾ, ಸಾಕು. ಗುಜರಿಗೆ ಹಾಕಿಬಿಡು.” ಅಜ್ಜಿ ಒಳಗಿನಿಂದಲೇ ಹೇಳಿದಳು, “ನಾ ಬಸ್ಸಿಗೇ ಹೋಗ್ತೆ. ನೀವು ಗಾಡಿಗೆ ಆಪರೇಷನ್ ಮಾಡ್ಸಿ.”

ನನ್ನ ಹತ್ತಿರ ಎಂಟು ದಿನ ಇತ್ತು.

ಈಗ ಒಂದು ಮಾತು. ಎಂಜಿನ್ ಕಾಯಿತು ಎಂದರೆ ಹೆಡ್ ಗ್ಯಾಸ್ಕೆಟ್ಟೇ ಹೋಗಿರಬೇಕೆಂದಿಲ್ಲ. ಜ್ವರ ಬಂತೆಂದರೆ ಎಲ್ಲವೂ ಮಲೇರಿಯಾ ಅಲ್ಲವಲ್ಲ, ಹಾಗೆ. ನೀರು ಕಡಿಮೆಯಾಗಿರಬಹುದು, ಬೆಲ್ಟು ಸಡಿಲಾಗಿರಬಹುದು, ರೇಡಿಯೇಟರ್ ಕಟ್ಟಿರಬಹುದು, ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲು ತೆರೆಯದೇ ಇರಬಹುದು. ನಮ್ಮ ಕೇರಿಯಲ್ಲಿ ಬಸ್ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಮಿಸ್ತ್ರಿ ಇದ್ದಾರೆ. ಮರುದಿನ ಬೆಳಿಗ್ಗೆ ಅವರನ್ನು ಕರೆತಂದೆ. ಅವರು ಪಾನಾ ಮುಟ್ಟಲಿಲ್ಲ. ಮೊದಲು ಎಂಜಿನ್ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರು. ಗ್ಯಾಸ್ಕೆಟ್ ಹರಿದು ನೀರು ಆಯಿಲಿಗೆ ಸೇರಿದರೆ ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ನಮ್ಮದು ಕಪ್ಪಗೇ ಇತ್ತು. ಎಂಜಿನ್ ಪೂರ್ತಿ ತಣ್ಣಗಿದ್ದಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿ ರೇಡಿಯೇಟರಿನ ಬಾಯಲ್ಲಿ ಇಣುಕಿದರು. ಗ್ಯಾಸ್ಕೆಟ್ ಹರಿದಿದ್ದರೆ ಉರಿದ ಅನಿಲ ನೀರಿಗೆ ನುಗ್ಗಿ ಬಿಡದೆ ಗುಳ್ಳೆ ಏಳುತ್ತದೆ. ಗುಳ್ಳೆ ಇಲ್ಲ. ಹೊಗೆಕೊಳವೆಯಲ್ಲಿ ದಟ್ಟ ಬಿಳಿ ಹೊಗೆ ಇಲ್ಲ. “ಗ್ಯಾಸ್ಕೆಟ್ ಅಲ್ಲ ಮಾಸ್ತರ್ರೇ,” ಎಂದರು. “ನೀರು ಎಲ್ಲಿಗೋ ಹೋಗ್ತಿದೆ. ಎಲ್ಲಿಗೆ ಅಂತ ಹುಡುಕ್ವ.”

ಥರ್ಮೋಸ್ಟಾಟ್ ಬಿಚ್ಚಿ ಹಳೆಯ ಡಬ್ಬಿಯೊಂದರಲ್ಲಿ ನೀರು ಕಾಯಿಸಿ ಮುಳುಗಿಸಿದೆವು. ನೀರು ಬಿಸಿಯಾದಂತೆ ಬಾಗಿಲು ನಿಧಾನಕ್ಕೆ ತೆರೆದುಕೊಂಡಿತು. ಅದು ಸರಿ ಇದೆ. ಫ್ಯಾನ್ ಬೆಲ್ಟು ಬಿಗಿಯಾಗಿಯೇ ಇತ್ತು.

ಹುಡುಕುವ ಕೆಲಸ ಪುಟ್ಟಿಯದಾಯಿತು. ರಾತ್ರಿ ಅವಳು ಹಳೆಯ ಪೇಪರುಗಳನ್ನು ಅಂಟಿಸಿ ದೊಡ್ಡ ಹಾಳೆ ಮಾಡಿ ಕಾರಿನ ಕೆಳಗೆ ಹಾಸಿದಳು. ನಾಲ್ಕು ಚಕ್ರ ಎಲ್ಲಿ ಬರುತ್ತವೆಂದು ಪೆನ್ಸಿಲಿನಲ್ಲಿ ಗುರುತು ಹಾಕಿದಳು, ನಕಾಶೆಯ ಹಾಗೆ. ಬೆಳಿಗ್ಗೆ ನೋಡಿದರೆ ಮುಂದಿನ ಎರಡು ಚಕ್ರಗಳ ನಡುವೆ, ರೇಡಿಯೇಟರಿಗಿಂತ ಒಂದು ಗೇಣು ಹಿಂದೆ, ತುಕ್ಕಿನ ಬಣ್ಣದ ಒಂದು ಒದ್ದೆ ಕಲೆ. “ಹನಿ ಬಿದ್ದ ಜಾಗ ಸಿಕ್ತು!” ಎಂದು ಕುಣಿದಳು.

ಆದರೆ ಹನಿ ಬಿದ್ದ ಜಾಗ ಬೇರೆ, ಹನಿ ಹೊರಟ ಜಾಗ ಬೇರೆ. ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಡೆದ ಹಂಚು ಮೇಲೆಲ್ಲೋ ಇರುತ್ತದೆ. ನೀರು ಪಕಾಸಿನ ಗುಂಟ ಹರಿದು ಬಂದು ಹಾಸಿಗೆಯ ಮೇಲೆ ಬೀಳುತ್ತದೆ. ಹಾಸಿಗೆಯ ನೇರಕ್ಕಿರುವ ಹಂಚು ಬದಲಿಸಿದರೆ ಸೋರುವುದು ನಿಲ್ಲುವುದಿಲ್ಲ. ಹಗಲಲ್ಲಿ ಇನ್ನೊಂದು ತೊಂದರೆ: ಎಂಜಿನ್ ಕಾದಿರುವಾಗ ಹೊರಬಂದ ನೀರು ಅಲ್ಲೇ ಆವಿಯಾಗಿಬಿಡುತ್ತದೆ, ಸೋರಿದ್ದು ಕಾಣುವುದೇ ಇಲ್ಲ.

ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನ ಮನೆಯಲ್ಲಿ ಒಂದು ಸಾಮಾನು ಯಾವತ್ತೂ ಇರುತ್ತದೆ: ಚಾಕ್‌ಪೀಸು. ಎಂಜಿನ್ನಿನ ಮುಂಭಾಗವನ್ನು ಬಟ್ಟೆಯಿಂದ ಒಣಗಿಸಿ ಒರೆಸಿದೆ. ಮೊಮ್ಮಗ ಚಾಕ್‌ಪೀಸು ಕುಟ್ಟಿ ಪುಡಿ ಮಾಡಿದ. ಹಳೆಯ ಬ್ರಶ್ಶಿನಿಂದ ಅದನ್ನು ಹೋಸ್ ಪೈಪಿನ ಬಾಯಿಗೆ, ರೇಡಿಯೇಟರಿನ ಬೆನ್ನಿಗೆ, ಫ್ಯಾನಿನ ಹಿಂದಿನ ಲೋಹಕ್ಕೆ ಬಳಿದೆವು. ಎಂಜಿನ್ ಹತ್ತು ನಿಮಿಷ ಓಡಿಸಿ ಆರಿಸಿ, ಟಾರ್ಚು ಹಿಡಿದು ಕೂತೆವು. ಬಿಳಿ ಪುಡಿಯ ಮೇಲೆ ಒಂದೇ ಒಂದು ಕಪ್ಪು ಗೆರೆ ಇಳಿಯತೊಡಗಿತು. ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿದರೆ ಒಂದು ಸಣ್ಣ ರಂಧ್ರ, ಕಡಲೆ ಕಾಳು ಹಿಡಿಯುವಷ್ಟು. ಅದು ಇದ್ದದ್ದು ನೀರಿನ ಪಂಪಿನ ಹೊಟ್ಟೆಯ ಕೆಳಗೆ.

“ತೂತು ಬಿದ್ದಿದೆ!” ಎಂದ ಮೊಮ್ಮಗ. ಮಿಸ್ತ್ರಿ ನಕ್ಕರು. “ಬಿದ್ದದ್ದಲ್ಲ ತಮ್ಮಾ, ಇಟ್ಟದ್ದು.”

ಅದನ್ನು ಕಾರ್ಖಾನೆಯವರೇ ಇಟ್ಟಿರುತ್ತಾರೆ. ಪಂಪಿನೊಳಗೆ ಒಂದು ದಂಡ ತಿರುಗುತ್ತದೆ. ದಂಡದ ಒಂದು ತುದಿಗೆ ನೀರು ತಳ್ಳುವ ರೆಕ್ಕೆಯ ಚಕ್ರ, ಇನ್ನೊಂದು ತುದಿಗೆ ಬೆಲ್ಟಿನ ಗಾಲಿ. ಅಂಬಾಸಿಡರಿನಲ್ಲಿ ಫ್ಯಾನು ಕೂಡ ಆ ತುದಿಗೇ ಕೂತಿರುತ್ತದೆ. ನಡುವೆ ದಂಡವನ್ನು ಹಿಡಿದಿರುವ ಬೇರಿಂಗು. ನೀರು ಬೇರಿಂಗಿಗೆ ಹೋದರೆ ಗ್ರೀಸು ತೊಳೆದು ಹೋಗಿ ಅದು ಸಾಯುತ್ತದೆ. ಆದ್ದರಿಂದ ನೀರಿಗೂ ಬೇರಿಂಗಿಗೂ ಮಧ್ಯೆ ಒಂದು ಸೀಲು ಕೂರಿಸುತ್ತಾರೆ. ಸೀಲು ಸವೆದಾಗ ನುಸುಳಿದ ನೀರು ಬೇರಿಂಗಿನ ಕಡೆ ಹೋಗದೆ ಹೊರಕ್ಕೆ ಬೀಳಲಿ ಎಂದು ಆ ರಂಧ್ರ. ಅಂದರೆ ಪಂಪು ಸಾಯುವುದಕ್ಕೆ ಮೊದಲು ಅಲ್ಲಿಂದ ಕಣ್ಣೀರು ಹಾಕಿ ತಿಳಿಸುತ್ತದೆ. ಇದನ್ನು ತಿಳಿಯದವರು ಕೆಲವೊಮ್ಮೆ ಎಂಸೀಲ್ ಮೆತ್ತಿ ರಂಧ್ರ ಮುಚ್ಚಿಬಿಡುತ್ತಾರೆ. ಆಗ ಸೋರುವುದೇನೋ ನಿಲ್ಲುತ್ತದೆ. ನೀರು ಒಳಗೊಳಗೇ ಬೇರಿಂಗು ತಿನ್ನುತ್ತದೆ, ಒಂದು ದಿನ ದಂಡವೇ ಕಿತ್ತು ಫ್ಯಾನು ರೇಡಿಯೇಟರಿಗೆ ಬಡಿಯುತ್ತದೆ.

ನಮ್ಮ ಬೇರಿಂಗು ಯಾವ ಸ್ಥಿತಿಯಲ್ಲಿದೆ ಎಂದು ನೋಡಲು ಮಿಸ್ತ್ರಿ ಫ್ಯಾನಿನ ಎದುರುಬದಿರಿನ ಎರಡು ರೆಕ್ಕೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರು. ಕಟ್ ಕಟ್. ಅಲ್ಲಾಡಲೇಬಾರದು. ಬೆಲ್ಟು ತೆಗೆದು ಗಾಲಿಯನ್ನು ಕೈಯಿಂದ ತಿರುಗಿಸಿದರೆ ಮರಳು ಸೇರಿದ ಬೀಸುಕಲ್ಲಿನ ಹಾಗೆ ಗರಗರ. ಇನ್ನು ಅನುಮಾನವಿಲ್ಲ. (ಪುಟ್ಟಿಯ ಜಡೆಯನ್ನು ಆ ಮೊದಲೇ ಮೇಲಕ್ಕೆ ಕಟ್ಟಿಸಿದ್ದೆ, ಕೀಲಿಕೈ ನನ್ನ ಜೇಬಿನಲ್ಲಿತ್ತು. ಈಗಿನ ಕಾರುಗಳಲ್ಲಿ ಫ್ಯಾನು ಕರೆಂಟಿನದು. ಕೆಲವು ಗಾಡಿಗಳಲ್ಲಿ ಎಂಜಿನ್ ಆರಿಸಿದ ಮೇಲೂ ಅದು ತಾನಾಗಿ ತಿರುಗುತ್ತದೆ. ಕೈ ಹಾಕುವ ಮೊದಲು ದೊಡ್ಡವರನ್ನು ಕೇಳಿ.)

ಇಷ್ಟಾದ ಮೇಲೆ ಮೊಮ್ಮಗನ ಪ್ರಶ್ನೆ: ಪಂಪು ಇಲ್ಲದಿದ್ದರೆ ಆಗುವುದಿಲ್ಲವೇ? ಒಳ್ಳೆಯ ಪ್ರಶ್ನೆ. ಎಂಜಿನ್ನಿನಲ್ಲಿ ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ನೀರು ಹೊತ್ತುಕೊಂಡು ಹೋಗಿ ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ಮೊದಮೊದಲ ಕಾರುಗಳಲ್ಲಿ ನೀರು ಸುತ್ತುತ್ತಲೇ ಇರಲಿಲ್ಲ, ಕುದಿದು ಆವಿಯಾಗಿ ಹೋಗುತ್ತಿತ್ತು. ಜರ್ಮನಿಯ ಕಾರ್ಲ್ ಬೆಂಜ್ ಮಾಡಿದ ಕಾರನ್ನು ಅವನ ಹೆಂಡತಿ ಬರ್ಥಾ 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ ತೆಗೆದುಕೊಂಡು ಹೊರಟಳು. ಜೊತೆಗೆ ಇಬ್ಬರು ಗಂಡುಮಕ್ಕಳು. ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ತವರುಮನೆಗೆ, ಸುಮಾರು 100 ಕಿಲೋಮೀಟರ್. ದಾರಿಯುದ್ದಕ್ಕೂ ನಿಂತು ನಿಂತು ನೀರು ತುಂಬಿಸುವುದೇ ಕೆಲಸವಾಯಿತು. ಪೆಟ್ರೋಲ್ ಬಂಕ್ ಎಂಬುದೇ ಇರಲಿಲ್ಲ. ವೀಸ್‌ಲಾಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ತೈಲದ ನಳಿಗೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಮೋಟಾರು ಕಾರಿನ ಮೊದಲ ದೂರಪ್ರಯಾಣ ಅದು. ಅಂದರೆ ಎಂಜಿನ್ ಕಾಯುವ ತಲೆನೋವು ಕಾರಿನಷ್ಟೇ ಹಳೆಯದು.

ಆಮೇಲೆ ಬಂದ ಹೆನ್ರಿ ಫೋರ್ಡನ ‘ಮಾಡೆಲ್ ಟಿ’ ಕಾರು 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾಯಿತು. ಮೊದಲ ಎರಡೂವರೆ ಸಾವಿರದಷ್ಟು ಗಾಡಿಗಳಿಗೆ ಪಂಪು ಇತ್ತು, ನಂತರದವಕ್ಕೆ ಅದನ್ನು ತೆಗೆದೇಬಿಟ್ಟರು! ನೀರು ತಾನಾಗಿ ಸುತ್ತುತ್ತಿತ್ತು. ಹೇಗೆ? ನಿಮ್ಮ ಬಚ್ಚಲ ಹಂಡೆಯನ್ನು ಕೇಳಿ. ಬೆಂಕಿ ಕೆಳಗೆ, ಆದರೆ ಬಿಸಿ ನೀರು ಮೇಲೆ. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣಿದದ್ದು ಕೆಳಗಿಳಿಯುತ್ತದೆ. ನಿಧಾನದ ಗಾಡಿಗೆ ಅಷ್ಟು ಸಾಕಾಯಿತು. ಎಂಜಿನ್ನಿನ ಬಲ ಹೆಚ್ಚಾದಂತೆ ನೀರು ತಾನಾಗಿ ಸುತ್ತುವ ವೇಗ ಸಾಲದಾಯಿತು, ಪಂಪು ಮತ್ತೆ ಬಂತು. ಈಗಿನ ವಿದ್ಯುತ್ ಕಾರುಗಳಲ್ಲೂ ಬ್ಯಾಟರಿ ಕಾಯದಂತೆ ಸಣ್ಣ ಪಂಪು ಓಡುವುದುಂಟು.

ಪಂಪಿನ ಕೆಲಸ ನೋಡಬೇಕೆಂದರೆ ಕೊಡೆ ತನ್ನಿ. ನಾವು ಮಳೆಗಾಲಕ್ಕೆಂದು ರಿಪೇರಿ ಮಾಡಿಸಿಟ್ಟಿದ್ದ ಕೊಡೆ ಬಿಡಿಸಿ ಅಂಗಳದಲ್ಲಿ ನಿಂತೆವು. ಪುಟ್ಟಿ ಕೊಡೆಯ ನೆತ್ತಿಯ ಮೇಲೆ ಚೊಂಬಿನಿಂದ ನೀರು ಬಿಟ್ಟಳು, ತಮ್ಮ ಕೋಲನ್ನು ಗರಗರ ತಿರುಗಿಸಿದ. ನಡುವೆ ಬಿದ್ದ ನೀರು ಅಂಚಿನಿಂದ ಸುತ್ತಲೂ ಚಿಮ್ಮಿತು. ಮಿಸ್ತ್ರಿಯ ಅಂಗಿ, ನನ್ನ ಕನ್ನಡಕ, ಒಣಗಲು ಹಾಕಿದ್ದ ಹಪ್ಪಳ, ಎಲ್ಲ ಒದ್ದೆ. ಪಂಪಿನ ರೆಕ್ಕೆ ಚಕ್ರ ಮಾಡುವುದೂ ಇದನ್ನೇ: ನಡುವಿನಿಂದ ನೀರು ತೆಗೆದುಕೊಂಡು, ತಿರುಗಿ, ಅಂಚಿಗೆ ಎಸೆಯುತ್ತದೆ. ಎಸೆದ ನೀರು ಎಂಜಿನ್ನಿನ ಸಂದುಗಳಿಗೆ ನುಗ್ಗುತ್ತದೆ. ಬಾವಿಕಟ್ಟೆಯ ಮೇಲಿನ ಪಂಪ್‌ಸೆಟ್ಟಿನ ಒಳಗೂ ಇದೇ ಕಥೆ. ಹಪ್ಪಳದ ಕಥೆ ಬೇರೆ, ಅದನ್ನು ಅಜ್ಜಿ ಹೇಳಿದಳು.

ಹೊಸ ಪಂಪು ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರುವಷ್ಟರಲ್ಲಿ ಸೋಮವಾರವಾಯಿತು. ಗುರುವಾರಕ್ಕೆ ಮೂರು ದಿನ. ಮಂಗಳವಾರ ಬೆಳಿಗ್ಗೆ ಬಿಚ್ಚಲು ಕೂತೆವು.

ಬ್ಯಾಟರಿಯ ತಂತಿ ಕಳಚಿ, ರೇಡಿಯೇಟರಿನ ಕೆಳಗೆ ಬೋಗುಣಿ ಇಟ್ಟು ನೀರು ಇಳಿಸಿದೆವು. ಮೇಲಿನ ಕೆಳಗಿನ ಹೋಸ್ ಪೈಪು ಬಿಚ್ಚಿ ರೇಡಿಯೇಟರನ್ನೇ ಎತ್ತಿಟ್ಟೆವು, ಜಾಗವಾಗಲಿ ಎಂದು. ಡೈನಮೊದ ಬೋಲ್ಟು ಸಡಿಲಿಸಿ ಬೆಲ್ಟು ತೆಗೆದದ್ದಾಯಿತು. ಫ್ಯಾನು, ಗಾಲಿ ಬಂದವು. ಡೈನಮೊದ ಒಂದು ಕೈ ಪಂಪಿಗೇ ಹಿಡಿದಿರುತ್ತದೆ, ಅದನ್ನೂ ಬಿಡಿಸಬೇಕು. ಉಳಿದದ್ದು ಪಂಪನ್ನು ಎಂಜಿನ್ನಿಗೆ ಹಿಡಿದಿರುವ ನಾಲ್ಕು ಬೋಲ್ಟು.

ಇಲ್ಲಿ ಮಿಸ್ತ್ರಿ ಪುಟ್ಟಿಯಿಂದ ಒಂದು ರಟ್ಟು ಕೇಳಿದರು. ರಟ್ಟಿನ ಮೇಲೆ ಪಂಪಿನ ಚಿತ್ರ ಬರೆಸಿ, ಬೋಲ್ಟು ಇರುವಲ್ಲೆಲ್ಲ ತೂತು ಮಾಡಿಸಿದರು. ಬಿಚ್ಚಿದ ಬೋಲ್ಟನ್ನು ಆಯಾ ತೂತಿಗೇ ಚುಚ್ಚಿಡಬೇಕು. ಯಾಕೆಂದರೆ ನಾಲ್ಕೂ ಒಂದೇ ಉದ್ದ ಇರುವುದಿಲ್ಲ. ಗಿಡ್ಡದರ ಜಾಗಕ್ಕೆ ಉದ್ದದ್ದು ಹಾಕಿ ಬಿಗಿದರೆ ಅದು ತಳಕ್ಕೆ ತಾಗಿ ನಿಲ್ಲುತ್ತದೆ. ಬಿಗಿಯಾಯಿತು ಎಂದು ಅನಿಸುತ್ತದೆ, ಪಂಪು ಸಡಿಲವೇ ಇರುತ್ತದೆ. ಇನ್ನೂ ಒತ್ತಿದರೆ ಬೋಲ್ಟು ಮುರಿಯುತ್ತದೆ. ಮೂವತ್ತು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ ನನಗೆ ಈ ರಟ್ಟು ಹೊಳೆದಿರಲಿಲ್ಲ.

ಬೋಲ್ಟು ಬಂದರೂ ಪಂಪು ಬರಲಿಲ್ಲ. ಹಳೆಯ ಪ್ಯಾಕಿಂಗು ಅಂಟಿ ಕೂತಿತ್ತು. ನಾನು ಸಂದಿಗೆ ಸ್ಕ್ರೂಡ್ರೈವರ್ ತೂರಿಸಲು ಹೋದೆ. ಮಿಸ್ತ್ರಿ ಕೈ ಹಿಡಿದರು. ಆ ಮುಖದ ಮೇಲೆ ಒಂದು ಗೀರು ಬಿದ್ದರೂ ಹೊಸ ಪ್ಯಾಕಿಂಗಿನ ಅಡಿಯಿಂದ ನೀರು ಸೋರುತ್ತದೆ. ಮರದ ಸುತ್ತಿಗೆಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಿದರು, ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ. ಕೊನೆಗೆ ಪಂಪು ಕೈಗೆ ಬಂತು.

ಅದನ್ನು ತಿರುಗಿಸಿ ನೋಡಿದಾಗ ಮೂವರೂ ಸುಮ್ಮನಾದೆವು. ರೆಕ್ಕೆ ಚಕ್ರದ ರೆಕ್ಕೆಗಳು ಇಲಿ ತಿಂದ ಕೊಬ್ಬರಿಯ ಹಾಗಿದ್ದವು. ಹೊಸದರ ಪಕ್ಕಕ್ಕಿಟ್ಟರೆ ಅರ್ಧಕ್ಕರ್ಧ ಇಲ್ಲ. ಸೀಲು ಸೋರಿದ್ದು ಒಂದು ಕಡೆ. ನೀರು ತಳ್ಳಬೇಕಾದ ರೆಕ್ಕೆಯೇ ಕರಗಿ ಹೋಗಿತ್ತು. ಏರಿನಲ್ಲಿ ಮುಳ್ಳು ಕೆಂಪಿಗೆ ಹೋಗದೆ ಇನ್ನೇನಾದೀತು? ಎಂಜಿನ್ನಿನ ಬಾಯೊಳಗೆ ಬೆರಳು ಹಾಕಿದರೆ ತುಕ್ಕಿನ ಕೆಸರು, ಬಿಳಿ ಹೆಪ್ಪು.

“ಮಾಸ್ತರ್ರೇ, ಇದಕ್ಕೆ ಯಾವ ನೀರು ಹಾಕ್ತಿದ್ರಿ?”

“ನಮ್ಮ ಬಾವೀದೇ.”

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಒಂದು ಕಣ್ಣು ಮಂಜಾದರೂ ಕಿವಿ ಚುರುಕು. “ಆ ನೀರಲ್ಲಿ ಬೇಳೆ ಬೇಯೂದಿಲ್ಲ ಅಂತ ಇಪ್ಪತ್ತು ವರ್ಷದಿಂದ ಹೇಳ್ತಾ ಇದ್ದೆ,” ಎಂದಳು. “ಬೇಸಿಗೇಲಿ ನಾನು ಅಡುಗೆಗೆ ಆಚೆ ಕೇರಿ ಬಾವಿಯಿಂದ ತರ್ತಿರ್ಲಿಲ್ವಾ? ಅದ್ನೇ ನೀವು ಗಾಡಿಗೆ ಕುಡಿಸ್ದ್ರಿ.”

ನಮ್ಮ ಮನೆ ಸಮುದ್ರದ ಕಡೆಗಿದೆ. ಏಪ್ರಿಲ್ ಮೇ ಬಂದು ಬಾವಿಯ ನೀರು ಇಳಿದ ಹಾಗೆ ಉಪ್ಪಿನಂಶ ಏರಿ ಸವುಳಾಗುತ್ತದೆ. ಅಂಥ ನೀರನ್ನು ನಾನು ವರ್ಷಗಟ್ಟಲೆ ಕೊಡದಿಂದ ರೇಡಿಯೇಟರಿಗೆ ಸುರಿದಿದ್ದೆ. ಉಪ್ಪು ಕಬ್ಬಿಣವನ್ನು ತಿಂದಿತು, ನೀರಿನ ಸುಣ್ಣ ಒಳಗೆ ಹೆಪ್ಪುಗಟ್ಟಿ ಸೀಲನ್ನು ಉಜ್ಜಿತು. ತರಗತಿಯಲ್ಲಿ ಕಬ್ಬಿಣದ ಮೊಳೆಯನ್ನು ಉಪ್ಪು ನೀರಲ್ಲಿ ಹಾಕಿ ತುಕ್ಕು ಹಿಡಿಸಿ ತೋರಿಸಿದವನು ನಾನೇ. ಪಂಪನ್ನು ಕೊಂದವನೂ ನಾನೇ. ಗ್ಯಾರೇಜಿನವರು ಎರಡೇ ನಿಮಿಷ ನೋಡಿದರೆಂದು ನನಗೆ ಸಿಟ್ಟು ಬಂದಿತ್ತಲ್ಲ, ನಾನು ಇಪ್ಪತ್ತು ವರ್ಷ ನೋಡಿರಲಿಲ್ಲ.

ಆ ಮಧ್ಯಾಹ್ನವಿಡೀ ತೊಳೆಯುವುದಾಯಿತು. ರೇಡಿಯೇಟರನ್ನು ತಲೆಕೆಳಗೆ ಮಾಡಿ ಪೈಪಿನಿಂದ ನೀರು ಬಿಟ್ಟರೆ ಕೆಂಪು ಕೆಸರು ಬಂದೇ ಬಂತು. ಎಂಜಿನ್ನಿನ ಬಾಯಿಗೆ ಬಟ್ಟೆ ತುರುಕಿ, ಹಳೆಯ ಪ್ಯಾಕಿಂಗಿನ ಚೂರುಗಳನ್ನು ಕೆರೆದು ತೆಗೆದೆವು. ಹೊಸ ಪಂಪಿನ ಅಳತೆಯನ್ನು ಹಳೆಯದರ ಜೊತೆ ಇಟ್ಟು ನೋಡಿದ್ದಾಯಿತು. ಹೊಸ ಪ್ಯಾಕಿಂಗು ಇಟ್ಟು, ಬಟ್ಟೆಯನ್ನು ಮರೆಯದೆ ತೆಗೆದು, ಪಂಪು ಕೂರಿಸಿ, ರಟ್ಟಿನಿಂದ ಒಂದೊಂದೇ ಬೋಲ್ಟು ತೆಗೆದುಕೊಟ್ಟದ್ದು ಪುಟ್ಟಿ. ಮೊದಲು ನಾಲ್ಕನ್ನೂ ಬೆರಳಿನಿಂದ ತಿರುಗಿಸಿ, ಆಮೇಲೆ ಪಾನಾದಿಂದ ಎದುರುಬದಿರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಮೂಲೆ ಬಿಗಿದರೆ ಇನ್ನೊಂದು ಮೂಲೆ ಎದ್ದು ನಿಲ್ಲುತ್ತದೆ. ಬೆಲ್ಟು ಹಾಕಿ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಅರ್ಧ ಇಂಚಿನಷ್ಟು ತಗ್ಗಬೇಕು. ಹೆಚ್ಚು ಬಿಗಿದರೆ ಹೊಸ ಬೇರಿಂಗೂ ಬೇಗ ಹೋಗುತ್ತದೆ.

ಇದು ಹಳೆಯ ಗಾಡಿ, ಎಲ್ಲವೂ ಎದುರಿಗೇ ಕಾಣುತ್ತದೆ, ಕೈ ಹೋಗುತ್ತದೆ. ಈಗಿನ ಅನೇಕ ಕಾರುಗಳಲ್ಲಿ ಪಂಪು ಟೈಮಿಂಗ್ ಬೆಲ್ಟಿನ ಹಿಂದೆ ಅಡಗಿರುತ್ತದೆ. ಆ ಬೆಲ್ಟನ್ನು ಒಂದು ಹಲ್ಲು ತಪ್ಪಿಸಿ ಹಾಕಿದರೂ ಎಂಜಿನ್ನಿನ ತಾಳ ತಪ್ಪುತ್ತದೆ. ಅಂಥದಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಆದರೆ ಕೆಳಗೆ ಪೇಪರು ಹಾಸಿ ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ನೀರಿನ ವಿಷಯಕ್ಕೆ ಅಜ್ಜಿಯದೇ ತೀರ್ಪು: ಬಾವಿಯದು ಬೇಡ. ಬ್ಯಾಟರಿಗೆ ಹಾಕುವ ಶುದ್ಧ ನೀರಿಗೆ ಅರ್ಧಕ್ಕರ್ಧ ಕೂಲಂಟ್ ಸೇರಿಸಿದೆವು. ಕೂಲಂಟ್ ತುಕ್ಕು ತಡೆಯುತ್ತದೆ, ಕುದಿಯುವುದನ್ನೂ ಮುಂದೂಡುತ್ತದೆ. ನೋಡಲು ಶರಬತ್ತಿನ ಹಾಗೆ ಹಸಿರು, ರುಚಿಯೂ ಸಿಹಿಯಂತೆ. ಆದರೆ ಅದು ವಿಷ. ನಾಯಿ, ಬೆಕ್ಕು ನೆಕ್ಕಿದರೆ ಮೂತ್ರಪಿಂಡ ಹಾಳಾಗಿ ಸಾಯುತ್ತವೆ. ಚೆಲ್ಲಿದ್ದನ್ನು ಕೂಡಲೇ ಮಣ್ಣು ಹಾಕಿ ಒರೆಸಿ ತೆಗೆದೆ, ಉಳಿದ ಡಬ್ಬಿ ಅಟ್ಟದ ಮೇಲೆ ಹೋಯಿತು. ತಣ್ಣನೆಯ ಎಂಜಿನ್ನಿನಲ್ಲಿ ಮುಚ್ಚಳ ತೆರೆದೇ ನಿಧಾನಕ್ಕೆ ತುಂಬಿ, ಸ್ಟಾರ್ಟ್ ಮಾಡಿ, ಒಳಗಿನ ಗಾಳಿ ಗುಳುಗುಳು ಎಂದು ಹೊರಬರುವವರೆಗೆ ಕಾದು, ತಗ್ಗಿದಷ್ಟು ಮತ್ತೆ ತುಂಬಿ, ಮುಚ್ಚಳ ಹಾಕಿದೆವು. ಮೊಮ್ಮಗ ಆ ಹೊತ್ತಿಗೆ ಹತ್ತು ಹೆಜ್ಜೆ ದೂರ ನಿಂತಿದ್ದ. ನನ್ನ ಕೈಯ ಕಲೆಯನ್ನು ಅವನು ಎರಡು ಸಲ ಮುಟ್ಟಿ ನೋಡಿದ್ದ.

ಬುಧವಾರ ನಾನೊಬ್ಬನೇ ಅಂಕೋಲೆಯವರೆಗೆ ಹೋಗಿ ಬಂದೆ. ಆಮೇಲೆ ಬಿಣಗಾ ಏರು. ಮುಳ್ಳು ನಡುವಿನಿಂದ ಕದಲಲಿಲ್ಲ. ಮನೆಗೆ ಬಂದು ಹೇಳಿದರೆ ಅಜ್ಜಿ, “ನೋಡ್ವ,” ಎಂದಳು ಅಷ್ಟೇ. ಆದರೆ ಬಸ್ಸಿನ ವೇಳೆ ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ಆರೂವರೆಗೆ ಹೊರಟೆವು. ಪುಟ್ಟಿ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮುಳ್ಳನ್ನೇ ಕಾದಳು. ತೋಡೂರು ಹೋಯಿತು, ಚೆಂಡಿಯಾ ಹೋಯಿತು, ಅರ್ಗಾ ಹೋಯಿತು, ಸಮುದ್ರದ ಕಡೆ ಅವಳು ಒಮ್ಮೆಯೂ ತಿರುಗಲಿಲ್ಲ. ಸಂಜೆ ತಿರುಗಿ ಬರುವಾಗ ಅಜ್ಜಿಯ ಎಡಗಣ್ಣಿಗೆ ಹಸಿರು ಪಟ್ಟಿ, ಮೇಲೆ ಕಪ್ಪು ಕನ್ನಡಕ. ಹೋದ ವಾರ ಕೂತಿದ್ದ ಅಂಗಡಿಯ ಮುಂದೆ ಬಂದಾಗ, “ನಿಲ್ಸಿ,” ಎಂದಳು. ನನ್ನ ಎದೆ ಧಸಕ್ಕೆಂದಿತು. ಅವಳು ಇಳಿದು ಅಂಗಡಿಯವರಿಗೆ ಅಂದು ಕೊಟ್ಟ ನೀರಿನ ಉಪಕಾರ ಹೇಳಿ, ಮಕ್ಕಳಿಗೆ ನಾಲ್ಕು ಚಿಕ್ಕಿ ಕೊಂಡು ಬಂದು ಕೂತಳು.

ಮರುದಿನ ಬೆಳಿಗ್ಗೆ ಪುಟ್ಟಿ ಓಡಿ ಬಂದು ನನ್ನನ್ನು ಎಬ್ಬಿಸಿದಳು. ರಾತ್ರಿ ಅವಳು ಮತ್ತೆ ಪೇಪರು ಹಾಸಿದ್ದಳಂತೆ. “ಅಜ್ಜಾ, ಮುಂದೆ ಒಣಗಿದೆ. ಆದ್ರೆ ಹಿಂದಿನ ಚಕ್ರದ ಹತ್ತಿರ ಒಂದು ಹನಿ ಇದೆ. ಕಪ್ಪು.”

ಚಾಕ್‌ಪೀಸಿನ ಪುಡಿ ಇನ್ನೂ ಅರ್ಧ ಡಬ್ಬಿ ಉಳಿದಿತ್ತು.